‘ಮತ್ತು ಸಂಗಡಿಗರು’: ತೀರಿಹೋದ ಡ್ರಮ್ಮರ್ ಒಬ್ಬರನ್ನು ಅವರ ರೆಕಾರ್ಡುಗಳಲ್ಲಿ ಹುಡುಕಿ ಕೇಳುವ ಬಗೆ

ಪ್ರತಿ ವರ್ಷ ಫೆಬ್ರವರಿ 23ರ ಸಂಜೆ ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತೇವೆ. ನಡುಮನೆಯಲ್ಲಿ ಜಮಖಾನ ಹಾಸಿ ಕೂತು, ಎರಡು ಗಂಟೆ ಹೊತ್ತು ಜಾಝ್ ಸಂಗೀತದ ಡ್ರಮ್ಮರ್ ಟೋನಿ ವಿಲಿಯಮ್ಸ್ ನುಡಿಸಿದ ಡ್ರಮ್ಸ್ ಕೇಳುತ್ತೇವೆ. ಅವರು ತೀರಿಕೊಂಡದ್ದು 1997ರ ಅದೇ ದಿನ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಪಿತ್ತಕೋಶದ ಆಪರೇಷನ್ ಆದ ಮೇಲೆ ಹೃದಯಾಘಾತವಾಯಿತು. ವಯಸ್ಸು ಬರೀ 51.

ನಾನು ಮೃದಂಗದವನು. ಭರತನಾಟ್ಯಕ್ಕೆ, ಹರಿಕಥೆಗೆ ನುಡಿಸುತ್ತೇನೆ. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ನಮ್ಮ ಮನೆಗೆ ಜಾಝ್ ತಂದವರು ಅಕ್ಕನ ಗಂಡ, ನಮ್ಮ ಭಾವ. ಹಗಲು ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ರಾತ್ರಿ ಮೈಸೂರು, ಮಂಡ್ಯ, ಪಾಂಡವಪುರ ಅಂತ ಮದುವೆ ಮನೆ, ಗಣೇಶನ ಪೆಂಡಾಲು ಸುತ್ತಿ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುತ್ತಿದ್ದರು. ಒಂದು ದಿನ ಬೆಂಗಳೂರಿನ ಸ್ನೇಹಿತರ ಎಲ್‌ಪಿಯಿಂದ ಒಂದು ಕ್ಯಾಸೆಟ್ ಇಳಿಸಿಕೊಂಡು ಬಂದರು. 90 ನಿಮಿಷದ ಟಿಡಿಕೆ. ಮೇಲೆ ‘ಟೋನಿ 69’ ಅಂತ ಬರೆದಿತ್ತು, ಅಷ್ಟೇ. "ಇದನ್ನ ಒಂದ್ಸಲ ಕೇಳು ಕಣೋ. ನಿಮ್ಮ ತನಿ ಆವರ್ತನ ಕಚೇರಿ ಕೊನೇಲಿ ಬರುತ್ತೆ. ಈ ಮನುಷ್ಯ ಮೊದಲನೇ ನಿಮಿಷದಿಂದ್ಲೇ ತನಿ ನುಡಿಸ್ತಾನೆ, ಆದ್ರೂ ಹಾಡು ಕೆಡಲ್ಲ" ಅಂದರು. ತನಿ ಅಂದರೆ ಕಚೇರಿಯಲ್ಲಿ ತಾಳವಾದ್ಯದವರು ಮಾತ್ರ ನುಡಿಸುವ ಭಾಗ.

ಟೋನಿ ತೀರಿಕೊಂಡ ಸುದ್ದಿ ನಮಗೆ ಗೊತ್ತಾಗಿದ್ದು ಎಷ್ಟೋ ತಿಂಗಳಾದ ಮೇಲೆ, ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ ಒಂದು ವಿದೇಶಿ ಪತ್ರಿಕೆಯಿಂದ. ಭಾವ ಆ ಪುಟವನ್ನು ಎರಡು ಸಲ ಓದಿದರು. ಮನೆಗೆ ಬಂದು ಕ್ಯಾಸೆಟ್ ಹಾಕಿದರು. ಮುಂದಿನ ವರ್ಷದಿಂದ ಈ ಸಂಜೆ ಶುರುವಾಯಿತು. ಆಗ ನಾವು ಇಬ್ಬರೇ. ಆರು ವರ್ಷದ ಹಿಂದೆ ಭಾವನೂ ಹೋದರು. ಈಗ ನಾನೇ ನಡೆಸುತ್ತೇನೆ. ನಿಮಗೂ ಹೀಗೆ ಒಬ್ಬ ಡ್ರಮ್ಮರ್‌ನನ್ನೋ, ತಬಲದವರನ್ನೋ, ಘಟದವರನ್ನೋ ನೆನೆಯಬೇಕು ಅನ್ನಿಸಿದರೆ ಏನೇನು ಮಾಡಬೇಕು ಅಂತ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರು ಹುಡುಕಿ

ಹಾಡುಗಾರರನ್ನು ನೆನೆಯುವುದು ಸುಲಭ. ಅವರ ಹೆಸರು, ಮುಖ ಎರಡೂ ರೆಕಾರ್ಡಿನ ಮೇಲೆಯೇ ಇರುತ್ತದೆ. ತಾಳವಾದ್ಯದವರ ಕಥೆ ಬೇರೆ. ಅವರ ಜೀವಮಾನದ ಕೆಲಸ ಬೇರೆಯವರ ಹೆಸರಿನ ಕೆಳಗೆ ಚೆದುರಿ ಬಿದ್ದಿರುತ್ತದೆ. ನಮ್ಮ ಕನ್ನಡ ಕ್ಯಾಸೆಟ್ಟುಗಳ ಕವರ್ ನೆನಪಿದೆಯಲ್ವಾ? ಹಾಡಿದವರ ಹೆಸರು ದಪ್ಪಕ್ಷರದಲ್ಲಿ, ಅದರ ಕೆಳಗೆ ‘ಮತ್ತು ಸಂಗಡಿಗರು’. ಆ ಸಂಗಡಿಗರಲ್ಲಿ ಒಬ್ಬರು ನಮ್ಮ ಭಾವನಂಥವರು.

ಟೋನಿಯಂಥ ದೊಡ್ಡ ಕಲಾವಿದರಿಗೂ ಇದೇ ಗತಿ. ಅವರದೇ ಹೆಸರಿನಲ್ಲಿ ಬಂದ ಆಲ್ಬಮ್‌ಗಳನ್ನು ಮಾತ್ರ ಕೇಳಿದರೆ ಅರ್ಧ ಮನುಷ್ಯ ಸಿಗುತ್ತಾರೆ. ಉಳಿದರ್ಧ ಟ್ರಂಪೆಟ್ಟಿನ ಮೈಲ್ಸ್ ಡೇವಿಸ್ ಹೆಸರಿನಲ್ಲಿ, ಪಿಯಾನೊದ ಹರ್ಬಿ ಹ್ಯಾನ್‌ಕಾಕ್ ಹೆಸರಿನಲ್ಲಿ, ಸ್ಯಾಕ್ಸೊಫೋನಿನ ಎರಿಕ್ ಡಾಲ್ಫಿ ಹೆಸರಿನಲ್ಲಿ ಇದೆ. ಅದಕ್ಕೆ ಮೊದಲ ಕೆಲಸ ಒಂದು ಉದ್ದನೆಯ ನೋಟ್‌ಬುಕ್ ತೆಗೆದುಕೊಳ್ಳುವುದು. ಲೆಕ್ಕದ ಪುಸ್ತಕ ಆದರೆ ಒಳ್ಳೆಯದು, ಗೆರೆ ಹಾಕಿಯೇ ಇರುತ್ತದೆ. ನಾಲ್ಕು ಕಾಲಮ್ ಸಾಕು: ರೆಕಾರ್ಡಿಂಗ್ ಆದ ದಿನ, ಯಾರ ಹೆಸರಿನ ಆಲ್ಬಮ್, ಜೊತೆಗೆ ನುಡಿಸಿದವರು ಯಾರು, ಆಗ ನಮ್ಮ ಡ್ರಮ್ಮರ್‌ಗೆ ಎಷ್ಟು ವಯಸ್ಸು.

ವಯಸ್ಸಿನ ಕಾಲಮ್ ಬಿಡಬೇಡಿ. ಬೇರೆ ಎಲ್ಲಕ್ಕಿಂತ ಜಾಸ್ತಿ ಮಾತಾಡುವುದು ಅದೇ. ಟೋನಿ ಹುಟ್ಟಿದ್ದು 1945ರ ಡಿಸೆಂಬರ್ 12, ಶಿಕಾಗೋದಲ್ಲಿ. ಬೆಳೆದದ್ದು ಬಾಸ್ಟನ್‌ನಲ್ಲಿ. ಅಪ್ಪ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ಪಾಠ ಹೇಳಿದ ಗುರು ಆಲನ್ ಡಾಸನ್. 1963ರಲ್ಲಿ ಮೈಲ್ಸ್ ಡೇವಿಸ್ ತಂಡ ಸೇರಿದಾಗ 17 ವರ್ಷ. ಕ್ಲಬ್ಬಿನಲ್ಲಿ ಕುಡಿಯುವ ವಯಸ್ಸೂ ಆಗಿರದ ಹುಡುಗ ಅಲ್ಲಿ ಕೂತು ಆ ಕಾಲದ ದೊಡ್ಡ ತಂಡವನ್ನು ನಡೆಸುತ್ತಿದ್ದ. 1964ರ ಫೆಬ್ರವರಿ 12ಕ್ಕೆ ನ್ಯೂಯಾರ್ಕಿನ ಫಿಲ್‌ಹಾರ್ಮೋನಿಕ್ ಹಾಲ್‌ನಲ್ಲಿ ಮೈಲ್ಸ್ ಕಚೇರಿ. ಅದು ಮುಗಿದು ಎರಡು ವಾರವೂ ಆಗಿರಲಿಲ್ಲ, ಫೆಬ್ರವರಿ 25ಕ್ಕೆ ಎರಿಕ್ ಡಾಲ್ಫಿಯ ‘ಔಟ್ ಟು ಲಂಚ್’ ರೆಕಾರ್ಡಿಂಗ್. ಇವೆರಡನ್ನೂ ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೆ ಒಂದು ಬರೆದು ಪಕ್ಕದಲ್ಲಿ 18, 18 ಅಂತ ಹಾಕಿದಾಗ ನನ್ನ ಕೈ ಸ್ವಲ್ಪ ಹೊತ್ತು ನಿಂತುಬಿಟ್ಟಿತು. ಒಂದರಲ್ಲಿ ಓಡುವ ಕುದುರೆ. ಇನ್ನೊಂದರಲ್ಲಿ ಗಡಿಯಾರ ಬಿಚ್ಚಿ ಅದರ ಚಕ್ರಗಳನ್ನೆಲ್ಲ ನೆಲದ ಮೇಲೆ ಹರಡಿದ ಹಾಗೆ. ಎರಡೂ ಒಂದೇ ಹುಡುಗನ ಕೈ.

ಪಟ್ಟಿ ಪೂರ್ತಿ ಆಗಲಿ ಅಂತ ಕಾಯಬೇಡಿ. ಇಪ್ಪತ್ತು ಸಾಲು ಆದರೆ ಕೇಳುವುದಕ್ಕೆ ಶುರು ಮಾಡಿ. ನಮ್ಮ ಪುಸ್ತಕಕ್ಕೆ ಈಗಲೂ ವರ್ಷಕ್ಕೆ ಎರಡೋ ಮೂರೋ ಸಾಲು ಸೇರುತ್ತಲೇ ಇದೆ. ಸತ್ತ ಮೇಲೆ ಬಂದ ರೆಕಾರ್ಡುಗಳನ್ನೂ ಸೇರಿಸಿ. 1979ರ ಮಾರ್ಚ್ 3ರಂದು ಹವಾನಾದಲ್ಲಿ ಟೋನಿ, ಗಿಟಾರಿನ ಜಾನ್ ಮೆಕ್‌ಲಾಕ್ಲಿನ್, ಬೇಸ್ ಗಿಟಾರಿನ ಜಾಕೊ ಪಾಸ್ಟೋರಿಯಸ್ ಮೂವರೂ ಒಟ್ಟಿಗೆ ನುಡಿಸಿದ್ದರು. ‘ಟ್ರಿಯೊ ಆಫ್ ಡೂಮ್’ ಅಂತ ಅದು ಆಲ್ಬಮ್ ಆಗಿ ಬಂದದ್ದು 2007ರಲ್ಲಿ. ಆಗ ಟೋನಿ ಹೋಗಿ ಹತ್ತು ವರ್ಷ, ಜಾಕೊ ಹೋಗಿ ಇಪ್ಪತ್ತು ವರ್ಷ.

ಕೈಯಲ್ಲಿ ತಾಳ ಹಾಕಿ

ಜಾಝ್ ಗೊತ್ತಿಲ್ಲದವರನ್ನು ಕರೆದು ಸುಮ್ನೆ ರೆಕಾರ್ಡ್ ಹಾಕಿದರೆ ಹತ್ತು ನಿಮಿಷಕ್ಕೆ ಫೋನ್ ತೆಗೆಯುತ್ತಾರೆ. ಅವರ ತಪ್ಪಲ್ಲ. ಎಲ್ಲಿ ಹಿಡಿದುಕೊಳ್ಳಬೇಕು ಅಂತ ಯಾರೂ ಹೇಳಿಲ್ಲ. ಮೈಸೂರಿನವರ ಕೈಗೆ ಮಾತ್ರ ಒಂದು ಅಭ್ಯಾಸ ಮೊದಲಿನಿಂದ ಇದೆ. 8ನೇ ಕ್ರಾಸ್ ಗಣೇಶೋತ್ಸವದ ಕಚೇರಿಗೆ ಹೋಗಿ ನೋಡಿ. ರಸ್ತೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಅಜ್ಜಿಯರೂ ತೊಡೆಯ ಮೇಲೆ ಆದಿತಾಳ ಹಾಕುತ್ತಿರುತ್ತಾರೆ. ಆ ಕೈಯನ್ನೇ ಬಳಸಿ.

ಜಾಝ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಎಣಿಕೆಗೆ ಒಂದು ಬಾರ್. ಎರಡು ಬಾರ್ ಸೇರಿದರೆ ಎಂಟು ಎಣಿಕೆ, ಅಂದರೆ ನಮ್ಮ ಆದಿತಾಳದ ಒಂದು ಆವರ್ತನ. ಉದಾಹರಣೆಗೆ ‘ಸೋ ವಾಟ್’ ಅನ್ನುವ ಮೈಲ್ಸ್ ಡೇವಿಸ್ ಹಾಡು ತೆಗೆದುಕೊಳ್ಳಿ. 32 ಬಾರ್‌ಗೆ ಒಂದು ಸುತ್ತು. ಎಂಟೆಂಟು ಬಾರ್‌ನ ನಾಲ್ಕು ತುಂಡು. ಮೊದಲೆರಡು ತುಂಡು ಒಂದೇ ಥರ, ಮೂರನೆಯದು ಅರ್ಧ ಸ್ವರ ಮೇಲೆ ಹತ್ತುತ್ತದೆ, ನಾಲ್ಕನೆಯದು ಮತ್ತೆ ಕೆಳಗೆ ಇಳಿಯುತ್ತದೆ. ಸ್ವರಗಳು ನಮ್ಮ ಖರಹರಪ್ರಿಯ ರಾಗದವೇ. ಮೂರನೇ ತುಂಡಿನಲ್ಲಿ ಅದೇ ಖರಹರಪ್ರಿಯ ಪಕ್ಕದ ಶ್ರುತಿಗೆ ಹೋಗಿ ಬಂದ ಹಾಗೆ. ಒಂದು ಸುತ್ತಿಗೆ 16 ಆದಿತಾಳ. ಇಷ್ಟು ಹೇಳಿದರೆ ಸಾಕು, ಸಂಗೀತ ಪಾಠಕ್ಕೆ ಹೋದ ಯಾವ ಮಗುವಾದರೂ ಸುತ್ತು ತಪ್ಪದೆ ಹಿಡಿಯುತ್ತದೆ. 1964ರ ಕಚೇರಿಯಲ್ಲಿ ಇದನ್ನು ತುಂಬಾ ವೇಗವಾಗಿ ನುಡಿಸಿದ್ದಾರೆ. ಅದಕ್ಕೆ ಎರಡು ಎಣಿಕೆಗೆ ಒಂದು ತಟ್ಟು ಹಾಕಿ. ಆಗ ಸುತ್ತಿಗೆ ಎಂಟೇ ಆವರ್ತನ, ಕೈಗೂ ಆರಾಮ.

ಮುಂದಿನದು ಕೈಕಾಲು ಬೇರೆ ಮಾಡಿ ಕೇಳುವುದು. ಮೃದಂಗಕ್ಕೆ ಎರಡು ಮುಖ, ಎರಡು ಕೈ. ಡ್ರಮ್‌ಸೆಟ್ಟಿಗೆ ಎರಡು ಕೈ, ಎರಡು ಕಾಲು. ಬಲಗೈ ರೈಡ್ ಸಿಂಬಲ್ ಅನ್ನುವ ದೊಡ್ಡ ಲೋಹದ ತಟ್ಟೆಯ ಮೇಲೆ. ಎಡಗೈ ಸ್ನೇರ್ ಅನ್ನುವ ಸಣ್ಣ ಡ್ರಮ್ ಮೇಲೆ. ಬಲಗಾಲು ಬೇಸ್ ಡ್ರಮ್ಮಿಗೆ. ಎಡಗಾಲು ಹೈ-ಹ್ಯಾಟ್ ಅನ್ನುವ ಜೋಡಿ ತಾಳಕ್ಕೆ. ಒಂದೇ ಹಾಡನ್ನು ನಾಲ್ಕು ಸಲ ಹಾಕಿ, ಒಂದೊಂದು ಸಲ ಒಂದೊಂದನ್ನೇ ಹಿಂಬಾಲಿಸಿ. ಬೇಜಾರಿನ ಕೆಲಸ ಅನ್ನಿಸಬಹುದು. ನಾಲ್ಕನೇ ಸಲ ಕೇಳುವಾಗ ಮಾತ್ರ ನಾಲ್ಕು ಜನ ಒಬ್ಬರಿಗೊಬ್ಬರು ಮಾತಾಡುವ ಹಾಗೆ ಕೇಳಿಸುತ್ತದೆ.

ರೈಡ್ ಸಿಂಬಲ್ಲಿನ ನಡಿಗೆಯನ್ನು ಕೊನ್ನಕೋಲಿನಲ್ಲಿ, ಅಂದರೆ ಬಾಯಲ್ಲಿ ಹೇಳುವ ಸೊಲ್ಲುಗಳಲ್ಲಿ, ಹೇಳಿಕೊಟ್ಟರೆ ಬೇಗ ಬರುತ್ತದೆ. ಮೊದಲ ಎಣಿಕೆಗೆ ‘ತಾಂ’. ಎರಡನೆಯದನ್ನು ‘ತಕಿಟ’ ಅಂತ ಮೂರು ಮಾಡಿ, ನಡುವಿನ ‘ಕಿ’ ನುಂಗಿಬಿಡಿ. ತಾಂ, ತ-ಟ, ತಾಂ, ತ-ಟ. ಇದು ತಿಶ್ರ ನಡೆ, ಒಂದು ಎಣಿಕೆಗೆ ಮೂರು ಭಾಗ. ವೇಗ ಏರಿದಂತೆಲ್ಲ ಈ ತಿಶ್ರ ಸಪಾಟಾಗುತ್ತಾ ಬಂದು, ಒಂದು ಎಣಿಕೆಗೆ ನಾಲ್ಕು ಭಾಗದ ಚತುರಶ್ರದ ಹತ್ತಿರ ಹೋಗುತ್ತದೆ. ಟೋನಿ ಈ ಎರಡರ ನಡುವಿನ ಜಾಗದಲ್ಲೇ ಮನೆ ಕಟ್ಟಿಕೊಂಡವರು. 1966ರ ‘ಮೈಲ್ಸ್ ಸ್ಮೈಲ್ಸ್’ನಲ್ಲಿ ‘ಫುಟ್‌ಪ್ರಿಂಟ್ಸ್’ ಅಂತ ಒಂದು ಹಾಡಿದೆ. ಅದೇ ತಂಡದ ಸ್ಯಾಕ್ಸೊಫೋನಿನ ವೇಯ್ನ್ ಶಾರ್ಟರ್ ಕಟ್ಟಿದ್ದು. ತಿಶ್ರದ ತೂಗಿನಲ್ಲಿ ಶುರುವಾಗುತ್ತದೆ. ನಡುವೆ ಚತುರಶ್ರಕ್ಕೆ ತಿರುಗುತ್ತದೆ, ಮತ್ತೆ ವಾಪಸ್ ಬರುತ್ತದೆ. ನಮ್ಮಲ್ಲಿ ನಡೆ ಭೇದ ಅಂತ ಮಾಡುವಾಗ ತಾಳ ಹಾಕುವವರ ಮುಖ ನೋಡಿ ಮಾಡುತ್ತೇವೆ. ಇಲ್ಲಿ ಹೇಳದೆ ಕೇಳದೆ ಆಗುತ್ತದೆ, ಆದರೂ ಒಬ್ಬರೂ ಎಡವುವುದಿಲ್ಲ.

ಅದೇ ಆಲ್ಬಮ್ಮಿನ ‘ಫ್ರೀಡಂ ಜಾಝ್ ಡಾನ್ಸ್’ನಲ್ಲಿ ಎಡಗಾಲನ್ನು ಮಾತ್ರ ಕೇಳಿ. ಆ ಕಾಲದವರೆಗೆ ಡ್ರಮ್ಮರ್‌ಗಳು ಹೈ-ಹ್ಯಾಟನ್ನು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಮುಚ್ಚುವುದು ವಾಡಿಕೆ. ಟೋನಿ ನಾಲ್ಕಕ್ಕೂ ಮುಚ್ಚುತ್ತಾರೆ. ಇಷ್ಟು ಸಣ್ಣ ಬದಲಾವಣೆಯಿಂದ ಇಡೀ ಹಾಡಿನ ಕೆಳಗೆ ಹೊಸ ನೆಲ ಬಿದ್ದಂತಾಗುತ್ತದೆ. ಭಾವ ಇದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ಅಕ್ಕ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ "ಇವತ್ತು ನಾಲ್ಕೂ ಬಿತ್ತು" ಅಂತ ಹೇಳುವಷ್ಟು ನಮ್ಮ ಮನೆಗೆಲ್ಲ ಅದು ಪಾಠವಾಗಿತ್ತು.

ಯಾವುದರ ನಂತರ ಯಾವುದು

ಎರಡು ಗಂಟೆಗೆ ಆರು ಹಾಡು ಸಾಕು. ಏಳಕ್ಕೆ ಹೋಗಬೇಡಿ. ಪ್ರತಿ ಹಾಡಿಗೂ ಮೊದಲು ಎರಡು ಮಾತು, ಆಮೇಲೆ ಸ್ವಲ್ಪ ಹರಟೆ ಬೇಕು. ವರ್ಷದ ಕ್ರಮದಲ್ಲೇ ಹಾಕಿ. ಒಬ್ಬ ಮನುಷ್ಯ ಬೆಳೆಯುವುದು ಕೇಳಿಸಬೇಕು.

ನಾವು ಶುರು ಮಾಡುವುದು 1964ರ ಆ ಕಚೇರಿಯಿಂದ, ‘ಫೋರ್ ಅಂಡ್ ಮೋರ್’ ಆಲ್ಬಮ್ಮಿನ ‘ಸೋ ವಾಟ್’. ಆ ರಾತ್ರಿಯ ನಿಧಾನದ ಹಾಡುಗಳು ‘ಮೈ ಫನಿ ವ್ಯಾಲೆಂಟೈನ್’ ಅಂತ ಬೇರೆ ಆಲ್ಬಮ್ ಆದವು. ವೇಗದವು ಇದರಲ್ಲಿ ಬಂದವು.

ಎರಡನೆಯದು ಮೈಲ್ಸ್ ತಂಡದ್ದೇ 1967ರ ‘ನೆಫರ್ಟಿಟಿ’. ಇಡೀ ಸಂಜೆಯಲ್ಲಿ ನನಗೆ ಪ್ರಾಣವಾದದ್ದು ಇದು. ಇಲ್ಲಿ ಟ್ರಂಪೆಟ್ಟೂ ಸ್ಯಾಕ್ಸೊಫೋನೂ ಒಂದೇ ಒಂದು ಸಾಲನ್ನು ಹಾಡಿನುದ್ದಕ್ಕೂ ಮತ್ತೆ ಮತ್ತೆ ಹೇಳುತ್ತವೆ. ಯಾರಿಗೂ ಬೇರೆ ಸೋಲೋ ಇಲ್ಲ. ಬದಲಾಗುವುದು ಕೆಳಗಿನ ಲಯ ಮಾತ್ರ. ಮೊದಲು ಡ್ರಮ್ಸ್ ಸುಮ್ಮನೆ ಜೊತೆಯಲ್ಲಿ ನಡೆಯುತ್ತದೆ. ಆಮೇಲೆ ಒಂದೊಂದು ಸುತ್ತಿಗೂ ಏಳುತ್ತದೆ, ಉಕ್ಕುತ್ತದೆ, ಮತ್ತೆ ತಣ್ಣಗಾಗುತ್ತದೆ. ನಮ್ಮ ಪಲ್ಲವಿಯ ಒಂದೇ ಸಾಲನ್ನು ಹಾಡುಗಾರರು ಹಿಡಿದು ನಿಂತು, ಎಲ್ಲ ಸಂಗತಿಗಳನ್ನೂ ಮೃದಂಗಕ್ಕೆ ಬಿಟ್ಟುಕೊಟ್ಟರೆ ಹೇಗಿರುತ್ತದೋ ಹಾಗೆ. ಇದಕ್ಕೆ ಮಾತ್ರ ತಾಳ ಹಾಕಬೇಡಿ ಅಂತ ಬಂದವರಿಗೆ ಹೇಳಿ. ಬೇಕಾದರೆ ಆ ಸಾಲನ್ನು ಮೆಲ್ಲಗೆ ಗುನುಗಲಿ. ಗುನುಗುವವರು ತಾವೇ ಟ್ರಂಪೆಟ್ಟಿನ ಜಾಗದಲ್ಲಿ ಇದ್ದು, ಬೆನ್ನ ಹಿಂದೆ ಗಾಳಿ ಏಳುವುದನ್ನು ಅನುಭವಿಸುತ್ತಾರೆ.

ಮೂರನೆಯದು ಮೈಲ್ಸ್ ಅವರ ‘ಇನ್ ಎ ಸೈಲೆಂಟ್ ವೇ’, ಆ ರೆಕಾರ್ಡಿನ ಎರಡನೆಯ ಮಗ್ಗುಲು. ರೆಕಾರ್ಡ್ ಆದದ್ದು 1969ರ ಫೆಬ್ರವರಿ 18. ಮೆಕ್‌ಲಾಕ್ಲಿನ್ ಟೋನಿಯ ಹೊಸ ತಂಡ ಸೇರುವುದಕ್ಕೆ ಅಂತ ಇಂಗ್ಲೆಂಡಿನಿಂದ ಬಂದು ಆಗ ಕೆಲವೇ ದಿನ. ಮುಂದೆ ‘ಶಕ್ತಿ’ ಕಟ್ಟಿ, ವಿಕ್ಕು ವಿನಾಯಕರಾಂ ಅವರ ಘಟ, ಜಾಕಿರ್ ಹುಸೇನರ ತಬಲದ ಜೊತೆ ಕೂತ ಮೆಕ್‌ಲಾಕ್ಲಿನ್ ಇವರೇ. ಈ ಮಗ್ಗುಲಿನಲ್ಲಿ ಟೋನಿ ಬಹಳ ಹೊತ್ತು ಏನೂ ಮಾಡುವುದಿಲ್ಲ ಅಂತಲೇ ಅನ್ನಿಸುತ್ತದೆ. ಒಂದೇ ಟಿಕ್ ಟಿಕ್. ಅಷ್ಟೆಲ್ಲ ಬಲ್ಲ ಕೈ ಅಷ್ಟು ಹೊತ್ತು ತಡೆದುಕೊಂಡು ಕೂತಿರುತ್ತದೆ. ಕೊನೆಯ ಭಾಗದಲ್ಲಿ ಒಮ್ಮೆ ಮಾತ್ರ ಕಟ್ಟೆ ಒಡೆಯುತ್ತದೆ. ಕೃಷ್ಣರಾಜಸಾಗರದ ಗೇಟು ತೆಗೆದಾಗ ಕೆಳಗೆ ನಿಂತವರಿಗೆ ಎದೆಯಲ್ಲಿ ಏನಾಗುತ್ತದೋ ಅದೇ ಆಗುತ್ತದೆ. ಆ ಕ್ಷಣಕ್ಕೆ ಮೊದಲು ಯಾರೂ ಎದ್ದು ಹೋಗದ ಹಾಗೆ ನೋಡಿಕೊಳ್ಳಿ.

ಆಮೇಲೆ ‘ಎಮರ್ಜೆನ್ಸಿ!’. ಭಾವನ ಕ್ಯಾಸೆಟ್ಟಿನ ‘ಟೋನಿ 69’ ಇದೇ. ಅದೇ ವರ್ಷದ ಮೇ ತಿಂಗಳಲ್ಲಿ ರೆಕಾರ್ಡ್ ಆಯಿತು. ಎರಡು ಎಲ್‌ಪಿಯ ಸಂಗೀತ. ತಂಡದ ಹೆಸರು ಲೈಫ್‌ಟೈಮ್, ಬರೀ ಮೂರು ಜನ: ಟೋನಿ, ಮೆಕ್‌ಲಾಕ್ಲಿನ್, ಆರ್ಗನ್ ನುಡಿಸುವ ಲ್ಯಾರಿ ಯಂಗ್. ಬೇಸ್ ನುಡಿಸುವವರು ಇಲ್ಲ. ಜಾಝ್‌ನ ಬುದ್ಧಿಯನ್ನೂ ರಾಕ್‌ನ ಸದ್ದನ್ನೂ ಒಂದೇ ಪಾತ್ರೆಯಲ್ಲಿ ಕಾಯಿಸಿದ ಮೊದಲ ತಂಡಗಳಲ್ಲಿ ಇದೂ ಒಂದು. ಫ್ಯೂಷನ್ ಅಂತ ಆಮೇಲೆ ಕರೆದದ್ದು ಇದನ್ನೇ. ಹಾಕುವ ಮೊದಲು ಒಂದು ಮಾತು ಹೇಳಲೇಬೇಕು: ಈ ರೆಕಾರ್ಡಿಂಗಿನಲ್ಲಿ ಸದ್ದು ಒಡೆಯುತ್ತದೆ. ಸ್ಪೀಕರ್ ಹಾಳಾಗಿಲ್ಲ, ಮೂಲದಲ್ಲೇ ಹಾಗಿದೆ. ಒಂದು ವರ್ಷ ಇದನ್ನು ಹೇಳಲು ಮರೆತೆ. ಬಂದವರೊಬ್ಬರು ಪಾಪ ಎದ್ದು ಹೋಗಿ ವೈರ್ ಎಲ್ಲ ಬಿಚ್ಚಿ ಮತ್ತೆ ಹಾಕಿದರು. ಅಷ್ಟರಲ್ಲಿ ಹಾಡು ಮುಗಿದಿತ್ತು. ಕೆಲವು ಹಾಡಿನಲ್ಲಿ ಟೋನಿ ತಾವೇ ಹಾಡಿದ್ದಾರೆ. ಆ ದನಿ ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಅದು ಬಹಳ ಇಷ್ಟ. ಅಷ್ಟು ಬಿರುಸಿನ ಕೈ ಇದ್ದ 23 ವರ್ಷದ ಹುಡುಗನ ದನಿ ಅಷ್ಟು ಮೆತ್ತಗೆ ಇತ್ತು ಅಂತ ಗೊತ್ತಾಗುವುದು ಅಲ್ಲೇ.

ಐದನೆಯದು 1975ರ ‘ಬಿಲೀವ್ ಇಟ್’ನಿಂದ ‘ಫ್ರೆಡ್’. ಗಿಟಾರ್ ಆಲನ್ ಹೋಲ್ಡ್ಸ್‌ವರ್ತ್. ಸಣ್ಣ ಡ್ರಮ್ಮುಗಳ ಕಾಲ ಇಷ್ಟು ಹೊತ್ತಿಗೆ ಮುಗಿದಿತ್ತು. ಮೈಲ್ಸ್ ಜೊತೆ 18 ಇಂಚಿನ ಬೇಸ್ ಡ್ರಮ್ ಇಟ್ಟುಕೊಂಡಿದ್ದವರು ಈಗ 24 ಇಂಚಿಗೆ ಬಂದಿದ್ದರು. ಆ ಹಳದಿ ಬಣ್ಣದ ಗ್ರೆಚ್ ಕಂಪನಿಯ ಸೆಟ್ಟಿನ ಫೋಟೊ ಸಿಕ್ಕಿದರೆ ಬಂದವರಿಗೆ ತೋರಿಸಿ. ಮಕ್ಕಳಿಗೆ ಅದು ತುಂಬಾ ಖುಷಿ.

ಕೊನೆಗೆ ‘ಸಿಸ್ಟರ್ ಶೆರಿಲ್’. ಟೋನಿ ತಾವೇ ಕಟ್ಟಿದ ಹಾಡು. 1985ರ ‘ಫಾರಿನ್ ಇಂಟ್ರೀಗ್’ ಆಲ್ಬಮ್ಮಿನಲ್ಲಿದೆ. ಡ್ರಮ್ಮರ್ ಅಂದರೆ ಹೊಡೆಯುವವನು ಅಷ್ಟೇ ಅಂದುಕೊಂಡವರು ಇದನ್ನು ಕೇಳಲಿ. ಎಷ್ಟು ಹಾಡುವ ಮನಸ್ಸು ಅದು.

ನಡುಮನೆ, ಸ್ಪೀಕರ್, ಫ್ಯಾನು

ಫೋನಿನಲ್ಲಿ ಕೇಳಿಸಬೇಡಿ. ಅಂಗೈಯಗಲದ ಬ್ಲೂಟೂತ್ ಸ್ಪೀಕರ್ ಕೂಡ ಬೇಡ. ಅವು ಬೇಸ್ ಡ್ರಮ್ಮಿನ ಗುಂಯ್ ಅನ್ನುವ ಕೆಳಗಿನ ಸದ್ದನ್ನೇ ತಿಂದುಬಿಡುತ್ತವೆ. ಗುಂಕಿ ಇಲ್ಲದ ಮೃದಂಗ ಕೇಳಿದ ಹಾಗೆ. ಯಾರ ಮನೆಯಲ್ಲಾದರೂ ಹಳೆಯ ಎರಡು ಪೆಟ್ಟಿಗೆಯ ಸ್ಟೀರಿಯೊ ಇದ್ದೇ ಇರುತ್ತದೆ, ಅದನ್ನು ಕೇಳಿ ತನ್ನಿ. ನೆಲದ ಮೇಲೆ ಕೂರುವುದಾದರೆ ಸ್ಪೀಕರನ್ನು ಕೂತವರ ಕಿವಿಯ ಎತ್ತರಕ್ಕೆ ಇಡಿ. ಎರಡೂವರೆ ಅಡಿಯ ಸ್ಟೂಲ್ ಸಾಕು. ಎರಡರ ನಡುವೆ ಆರೇಳು ಅಡಿ ಇರಲಿ.

ನಮ್ಮದು ಹಳೇ ಮನೆ, ರೆಡ್ ಆಕ್ಸೈಡ್ ನೆಲ, ಬೋಳು ಗೋಡೆ. ಸಿಂಬಲ್ ಸದ್ದು ಗೋಡೆಯಿಂದ ಗೋಡೆಗೆ ಹಾರಿ ಕಿವಿಗೆ ಚುಚ್ಚುತ್ತಿತ್ತು. ದಪ್ಪ ಜಮಖಾನ ಎರಡು ಪದರ ಹಾಸಿ, ಸ್ಪೀಕರ್ ಎದುರಿನ ಗೋಡೆಗೆ ಒಂದು ಕಂಬಳಿ ಇಳಿಬಿಟ್ಟ ಮೇಲೆ ಸರಿಹೋಯಿತು. ಫೆಬ್ರವರಿ ಕೊನೆಗೆ ಮೈಸೂರಿನಲ್ಲೂ ಸೆಖೆ ಶುರುವಾಗಿರುತ್ತದೆ. ಸಂಜೆ ಐದಕ್ಕೇ ಕಿಟಕಿ ತೆಗೆದು ಮನೆ ತಣ್ಣಗೆ ಮಾಡಿ. ಹಾಡಿನ ಹೊತ್ತಿಗೆ ಫ್ಯಾನ್ ಆರಿಸಿ. ಸಿಂಬಲ್ ಹೊಡೆದ ಮೇಲೆ ಅದರ ಗುಂಗು ನಿಧಾನವಾಗಿ ಆರುತ್ತದಲ್ಲ, ಅದು ಫ್ಯಾನಿನ ಸದ್ದಿನೊಳಗೆ ಮುಚ್ಚಿಹೋಗುತ್ತದೆ.

ತಿಂಡಿಗೆ ಅಕ್ಕ ಕೇಸರಿಬಾತು, ಅವರೆಕಾಳಿನ ಉಪ್ಪಿಟ್ಟು ಮಾಡುತ್ತಾಳೆ. ಮೊದಲೇ ಕೊಟ್ಟುಬಿಡಿ. ಕೋಡುಬಳೆ, ಚಕ್ಕುಲಿ ಏನಿದ್ದರೂ ಎಲ್ಲ ಮುಗಿದ ಮೇಲೆ. ‘ಸೈಲೆಂಟ್ ವೇ’ ನಡೆಯುವಾಗ ಒಬ್ಬರು ಕೋಡುಬಳೆ ಕಡಿದರೂ ಇಡೀ ನಡುಮನೆಗೆ ಕೇಳಿಸುತ್ತದೆ.

ನಿಮ್ಮ ಮನೆಯ ಕ್ಯಾಸೆಟ್ಟುಗಳು

ಇದನ್ನು ಬರೆಯಲು ಮುಖ್ಯ ಕಾರಣ ಈ ಭಾಗ. ಟೋನಿಯ ರೆಕಾರ್ಡುಗಳನ್ನು ಕಾಪಾಡುವವರು ಪ್ರಪಂಚದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಮನೆಯ ಅಟ್ಟದ ಮೇಲಿನ ಕ್ಯಾಸೆಟ್ಟಿಗೆ ನೀವೊಬ್ಬರೇ.

ಇದರ ಬೆಲೆ ಮೈಸೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಅನ್ನುವ ರಷ್ಯಾದ ಸಂಗೀತಗಾರರಿಗೆ ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು. ಅವರ ಕೃತಿಗಳನ್ನು ಅವರ ಕೈಯಲ್ಲೇ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚೆರ್ಟೊವನ್ನು ಒಡೆಯರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಆ ಪಿಯಾನೊ ಇವತ್ತಿಗೂ ಕೇಳಿಸುತ್ತದೆ, ಯಾಕೆಂದರೆ ಮೈಸೂರಿನಲ್ಲಿ ಕೂತ ಒಬ್ಬರು ಹೊತ್ತು ಮೀರುವ ಮೊದಲು ಮನಸ್ಸು ಮಾಡಿದರು.

ಭಾವ ಹೋದ ಮೇಲೆ ಅಕ್ಕ ಒಂದು ಟ್ರಂಕ್ ತೆಗೆದುಕೊಟ್ಟಳು. 41 ಕ್ಯಾಸೆಟ್. ಆರ್ಕೆಸ್ಟ್ರಾ ಕಾರ್ಯಕ್ರಮಗಳನ್ನು ಯಾರೋ ಮಿಕ್ಸರಿನಿಂದ ನೇರ ಇಳಿಸಿಕೊಟ್ಟಿದ್ದವು. ಲೇಬಲ್ ಮೇಲೆ ಊರು, ಹಾಡಿದವರ ಹೆಸರು. ಡ್ರಮ್ಸ್ ಯಾರದು ಅಂತ ಒಂದರ ಮೇಲೂ ಇಲ್ಲ. ನನಗೆ ಅವಸರ. ಮೊದಲ ನಾಲ್ಕನ್ನು ಒಂದು ಅಂಗಡಿಗೆ ಕೊಟ್ಟೆ. ಅವರು ‘ಕ್ಲೀನ್’ ಮಾಡಿ ವಾಪಸ್ ಕೊಟ್ಟರು. ಹಿನ್ನೆಲೆಯ ಸುಯ್ ಸದ್ದು ತೆಗೆಯುವ ಭರದಲ್ಲಿ ಸಿಂಬಲ್ಲಿನ ಗುಂಗನ್ನೂ ತೆಗೆದುಹಾಕಿದ್ದರು. ಭಾವನ ಬಲಗೈಯೇ ಇರಲಿಲ್ಲ. ಮೂಲ ಕ್ಯಾಸೆಟ್ ನನ್ನ ಹತ್ತಿರ ಇದ್ದದ್ದರಿಂದ ಬದುಕಿದೆ. ಉಳಿದದ್ದನ್ನೆಲ್ಲ ನಾನೇ ಮಾಡಿದೆ. ಹೀಗೆ:

ಮೊದಲು ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ. ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಸಿಹೋಗುವುದಿಲ್ಲ. ಟೇಪನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಪುಡಿಯಂತೆ ಕಂಡರೆ ಅದು ಬೂಸ್ಟು. ಅದನ್ನು ಪ್ಲೇಯರಿಗೆ ಹಾಕಲೇಬೇಡಿ, ಪ್ಲೇಯರಿಗೂ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಬೇರೆ ಇಟ್ಟು, ಬಲ್ಲವರಿಗೆ ತೋರಿಸಿ. ಒಳಗೆ ಟೇಪಿನ ಹಿಂದೆ ಒಂದು ಸಣ್ಣ ಸ್ಪಂಜಿನ ತುಂಡು ಇರುತ್ತದೆ. ಅದು ಉದುರಿದ್ದರೆ ಸದ್ದು ಮಂಕಾಗುತ್ತದೆ. ಬೇರೆ ಖಾಲಿ ಕ್ಯಾಸೆಟ್ಟಿನದನ್ನು ತೆಗೆದು ಹಾಕಬಹುದು.

ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿ. ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಿ, ಪೂರ್ತಿ ಒಣಗಲಿ. ವರ್ಷಗಟ್ಟಲೆ ಕೂತ ಟೇಪ್ ಸುರುಳಿಗೆ ಅಂಟಿಕೊಂಡಿರುತ್ತದೆ. ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿ, ಆಮೇಲೆ ಪ್ಲೇ ಮಾಡಿ. ಪ್ಲೇಯರಿನ ಲೈನ್ ಔಟ್‌ನಿಂದ ಒಂದು ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ ವೈರ್ ಕೊಡಿ. ಅಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಡ್ರಮ್ಸ್ ಜೋರಾಗಿ ಬರುವ ಜಾಗ ಹುಡುಕಿ, ಅಲ್ಲಿ ಸೂಚಕ ಕೆಂಪಿಗೆ ಮುಟ್ಟದ ಹಾಗೆ ಸದ್ದು ಹೊಂದಿಸಿಕೊಳ್ಳಿ. ಸ್ನೇರ್ ಏಟು ಒಡೆದರೆ ಮತ್ತೆ ಸರಿ ಮಾಡಲಾಗುವುದಿಲ್ಲ. ವೇವ್ ಫೈಲಾಗಿ ಉಳಿಸಿ, 16 ಬಿಟ್, 44.1 ಕಿಲೋಹರ್ಟ್ಸ್. ಎಂಪಿ3 ಬೇಕಾದರೆ ಅದರಿಂದ ಆಮೇಲೆ ಮಾಡಿಕೊಳ್ಳಿ. ಸುಯ್ ಸದ್ದನ್ನು ಮುಟ್ಟಬೇಡಿ. ಅದರ ಹಿಂದೆಯೇ ಸಿಂಬಲ್ ಇದೆ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು, ಬೇಗ ಮುಗಿಸುವ ದಾರಿ ಇಲ್ಲ. ಪಕ್ಕದಲ್ಲಿ ಕೂತು ಕೇಳಿ. ಅದೂ ಈ ಕೆಲಸದ ಒಂದು ಭಾಗ.

ಫೈಲಿಗೆ ಹೆಸರು ಇಡುವಾಗ ಮೊದಲು ತಾಳವಾದ್ಯದವರ ಹೆಸರು ಬರೆಯಿರಿ, ಆಮೇಲೆ ಊರು, ವರ್ಷ, ಹಾಡಿದವರು. ಮೂರು ಪ್ರತಿ ಮಾಡಿ. ಒಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ನಮ್ಮದು ಮಂಡ್ಯದಲ್ಲಿ, ಭಾವನ ತಂಗಿಯ ಮನೆಯಲ್ಲಿದೆ.

ಈಗ ಫೆಬ್ರವರಿ 23ರ ಸಂಜೆ ‘ಸಿಸ್ಟರ್ ಶೆರಿಲ್’ ಮುಗಿದ ಮೇಲೆ ಇನ್ನೊಂದು ನಾಲ್ಕು ನಿಮಿಷ ಇರುತ್ತದೆ. ಪಾಂಡವಪುರದ ಒಂದು ಮದುವೆಯ ಆರ್ಕೆಸ್ಟ್ರಾ. ಮೊದಲು ನಿರೂಪಕರು ಮೈಕಿನಲ್ಲಿ ಹಾಡುವವರ ಹೆಸರು ಹೇಳುತ್ತಾರೆ, ಕೀಬೋರ್ಡಿನವರ ಹೆಸರು ಹೇಳುತ್ತಾರೆ, ಆಮೇಲೆ "ಮತ್ತು ಸಂಗಡಿಗರು" ಅನ್ನುತ್ತಾರೆ. ಅಲ್ಲಿ ನಾನು ಪಾಸ್ ಒತ್ತುತ್ತೇನೆ. ನಡುಮನೆಯಲ್ಲಿ ಕೂತವರೆಲ್ಲ ಸೇರಿ ಭಾವನ ಹೆಸರು ಹೇಳುತ್ತಾರೆ. ಮತ್ತೆ ಪ್ಲೇ ಒತ್ತುತ್ತೇನೆ. ಸಿನಿಮಾ ಹಾಡು ಶುರುವಾಗುತ್ತದೆ. ಎರಡನೇ ಚರಣಕ್ಕೆ ಬಂದಾಗ ಕಿವಿ ಕೊಟ್ಟು ಕೇಳಿದರೆ, ಎಡಗಾಲಿನ ಹೈ-ಹ್ಯಾಟು ನಾಲ್ಕಕ್ಕೂ ಬೀಳುತ್ತಿರುತ್ತದೆ.